ಇಲ್ಲೀತನಕ

ಶಾಲಿ ಗ್ವಾಡಿಗೆ ಗೆರಿ ಎಳೀಬೇಕಂತ
ದೇವದುರ್ಗದಿಂದ ಕಾಗದ ಬಂತು.
ಕೆಂಪು ಆಯಿಲ್ ಪೇಂಟು, ಎರಡು ಬೆರಳು ದಪ್ಪ,
ಮ್ಯಾಲ ಇಸ್ವಿ, ತಾರೀಖು,
ನೆಲದಿಂದ ಏಳಡಿ ನಾಲ್ಕಿಂಚು.
ಊರಾಗ ಪೇಂಟರ್ ಅಂದ್ರ ನಾನೊಬ್ಬನ, ಯಂಕೋಬ ಆರ್ಟ್ಸ್.
ಕಿರಾಣಿ ಬೋರ್ಡು, ಟ್ರ್ಯಾಕ್ಟರಿನ ಹಿಂದಿನ ಹಲಗಿ,
ಗೋರಿ ಕಲ್ಲಿನ ಮ್ಯಾಲಿನ ಹೆಸರು
ಎಲ್ಲಾ ನನ್ನ ಕೈಯಕ್ಷರ.

ಬೆಂಚಿನ ಮ್ಯಾಲ ಬೆಂಚಿಟ್ಟು
ನಾಲ್ಕು ಮಂದಿ ನನ್ನ ಕುರ್ಚಿ ಸಮೇತ ಎತ್ತಿದರು.
ನೂಲಿಗೆ ಸುಣ್ಣ ಸವರಿ, ಜಗ್ಗಿ ಬಡಿದು, ಎಳೆದೆ.
ಕೈ ನಡುಗಲಿಲ್ಲ.
ಕೆಳಗಿಂದ ಮಾಸ್ತರ ಅಂದ,
'ಯಪ್ಪಾ, ಇಷ್ಟೆತ್ತರ ಬಂದಿತ್ತೇನೋ!'
ನನಗೇನು ಗೊತ್ತು? ಅಷ್ಟೆತ್ತರ ನಾನು ಹೋದದ್ದ ಅವತ್ತು.

ನನ್ನ ಹೊಳಿ ಒಂದಡಿ ಒಂಬತ್ತಿಂಚು.
ಆ ರಾತ್ರಿ ಕೈ ಊರಿಕೋತ ಹೊಸ್ತಿಲಿಗೆ ಬಂದಾಗ
ಓಣ್ಯಾಗ ಟಾರ್ಚು ಹಿಡಿದವರು ನಗಾಡಕೋತ ಹೊಂಟಿದ್ದರು,
'ಏನಿಲ್ಲ ಬಿಡಪಾ, ಇನ್ನೂ ಮೊಣಕಾಲು.'
ನನ್ನ ಬಾಯಾಗ ಆಗಲೇ ಕೃಷ್ಣಿ.
ಸಗಣಿ, ಡೀಸೆಲ್ಲು,
ಯಾರದೋ ಮನಿ ಉಪ್ಪಿನಕಾಯಿ.
ಕೂಗಿದರ ನುಂಗಬೇಕು.
ನುಂಗಿದರ ಕೂಗಲಿಕ್ಕಾಗೂದಿಲ್ಲ.

ದೇವರು ಉಳಿಸಿದ ಅಂತಾರ ಮಂದಿ.
ಇಪ್ಪತ್ತು ಲೀಟರಿನ ಎರಡು ಖಾಲಿ ಡಿಸ್ಟೆಂಪರ್ ಡಬ್ಬಿ,
ಮುಚ್ಚಳ ಬಿಗಿ ಇದ್ವು.
ಲುಂಗಿಲೆ ಎದಿಗೆ ಕಟಗೊಂಡು
ಬೇವಿನ ಗಿಡದತನಕ ತೇಲಿದೆ.
ಒಂದರ ಮ್ಯಾಲ ತಿಳಿನೀಲಿ ಅಂತ ಬರೆದಿತ್ತು.

ಕುರ್ಚಿ ಇಳಿಸಿ ಮಂದಿ ಚಾಕ್ಕ ಹೋದರು.
ಪೇಂಟು ಇನ್ನೂ ಉಳಿದಿತ್ತು.
ನೆಲಕ್ಕ ಕುಂತು ಸಣ್ಣ ಕುಂಚದಲೆ ಇನ್ನೊಂದು ಎಳೆದೆ,
ಬಾಜೂಕ ಬರೆದೆ:
ಯಂಕೋಬ. ಇಲ್ಲೀತನಕ.

ಮರುದಿನ ಅಯ್ಯಮ್ಮ ಬಂದಳು.
ಆಕಿಗೆ ಕಿವಿ ಇಲ್ಲ, ಮಾತಿಲ್ಲ.
ತಳವಾರ ಡಂಗುರ ಬಡಕೋತ
ಆಕಿ ಬಾಗಲ ಮುಂದ ಹಾದು ಹೋಗಿದ್ದ.
ಕೈಲೆ ತೋರಿಸಿದಳು: ಚಾಪಿ. ಮಗ್ಗಲಾಗ ಕೂಸು.
ಬೆನ್ನು ತಣ್ಣಗಾತು,
ಕೂಸು ಉಚ್ಚಿ ಹೊಯ್ದದ ಅಂತ
ಅದರ ಕುಂಡಿಗೊಂದು ಹಗೂರ ಏಟು ಕೊಟ್ಟು
ಮಗ್ಗಲಾ ಬದಲಿಸಿದ್ದಳು.
ನಾನು ಕುಂಚ ಕೊಟ್ಟೆ. ಒಲ್ಲೆಂದಳು.
ಹೆಬ್ಬಟ್ಟು ಅದ್ದಿ ತಾನ ಎಳೆದಳು,
ನೆಲಕ್ಕ ಹತ್ತಿ, ಒಂದು ಚಾಪಿ ದಪ್ಪ.

ಖಾಜಾಹುಸೇನಗ ಬಣ್ಣ ಬ್ಯಾಡಂತ.
'ಉಳಿಲೆ ಕೆತ್ತೋ, ನನ್ನ ಬೆರಳಿಗೆ ಸಿಗಬೇಕು.'
ಕಿವಿ ಮಟ್ಟಕ್ಕ ಕೆತ್ತಿಸಿದ.
ಸಂಜಿಗೆ ಕಪ್ಪಿ ಒಮ್ಮೆಲೆ ಬಾಯಿ ಮುಚ್ಚಿದ್ವಂತ,
ಆವಾಗ ಹೇಳಿದ್ದ ಅವ, ನೀರು ಬರ್ತದ.
'ಕುರುಡಗೇನು ಕಾಣ್ತದ' ಅಂದಿದ್ದರು.
ಕರೆಂಟು ಹೋದ ಮ್ಯಾಲ
ಅವನ ಅಂಗಿ ಚುಂಗು ಹಿಡಿದು ಗುಡ್ಡಕ್ಕ ನಡೆದವರು ಯಾರು ಅಂತ
ಈಗ ಕೇಳಿದರ, ಯಾರೂ ಇಲ್ಲ.

ಸಾಹೇಬರು ಬಂದರು ಫೋಟೋಕ್ಕ.
'ಇವೆಲ್ಲಾ ಏನು? ಖರೇ ಗೆರಿ ಯಾವುದು?'
ನಾನು ಅಯ್ಯಮ್ಮನ ಹೆಬ್ಬಟ್ಟು ತೋರಿಸಿದೆ.
ಅದು ಕಾಣಬೇಕಂದ್ರ ನೆಲಕ್ಕ ಗಲ್ಲ ಹಚ್ಚಬೇಕು.
ಸಾಹೇಬರ ಪ್ಯಾಂಟು ಬಿಳೇದಿತ್ತು.
ಏಳಡಿ ನಾಲ್ಕಿಂಚಿನ ಕೆಳಗ ನಿಂತು ತೆಗಿಸಿಕೊಂಡರು.
ಬಿಲ್ಲು ಒಂದ ಗೆರಿಗೆ ಪಾಸಾತು.

ಕತ್ತಲಾದ ಮ್ಯಾಲ ಮಾಳಮ್ಮ ಬಂದು
ಗ್ವಾಡಿ ಮುಂದ ಕುಂತಳು.
ಮಗಳು ಶರಣಿ, ಹತ್ತೊಂಬತ್ತು ವರ್ಷ,
ಹೊರಸಿನ ಮ್ಯಾಲ ಹುಟ್ಟಿದಂಗ ಇದ್ದವಳು.
ಹೊರಸು ಸಿಕ್ಕಿತ್ತು, ಜಾಲಿಯಾಗ.
ಡಬ್ಬಿ ಬಿಚ್ಚಿ ಕೇಳಿದೆ,
'ಎವ್ವಾ, ಎಲ್ಲೀತನಕ?'
ಹೊರಸಿನೆತ್ತರಕ್ಕ ಗ್ವಾಡಿ ಮ್ಯಾಲ ಅಂಗೈ ಇಟ್ಟಳು,
ಭಾಳ ಹೊತ್ತು ತೆಗಿಯಲಿಲ್ಲ.
ಆಮ್ಯಾಲ ಅಂದಳು,
'ಬ್ಯಾಡಪಾ. ನೀರಿಗೆ ಮತ್ತ ಜಾಗ ತೋರಿಸಬ್ಯಾಡ.'

ಈ ವರ್ಷ ಶಾಲಿಗೆ ಸುಣ್ಣ ಹೊಡದೆ.
ಗೆರಿಗಳ ಸುತ್ತ ನೋಡಿ ಹೊಡದೆ.
ಅಂಗೈಯಷ್ಟು ಜಾಗ
ಹಾಂಗ ಬಿಟ್ಟೀನಿ.