ಮುಯ್ಯಿ

ಮಾರ್ಸೇಯ ಆಸ್ಪತ್ರೆ, ರಾತ್ರಿ ಎರಡೂಕಾಲು.
ನಾನು ಡಾಕ್ಟರಲ್ಲ, ಯಂತ್ರ ನಡೆಸುವವಳು;
ಕೊಳವೆ ಜೋಡಿಸಿ, ಚೀಲದ ನಂಬರು
ಎರಡೆರಡು ಸಲ ಗಟ್ಟಿಯಾಗಿ ಓದುವವಳು.

ಹಾಸಿಗೆಯಲ್ಲಿ ಎಶಾತಿ, ಇಪ್ಪತ್ತಾರು.
ಅಣ್ಣನ ದೊಡ್ಡ ಮದುವೆಗೆ ಕೊಮೊರೊಸ್ ದ್ವೀಪಕ್ಕೆ ಹೋಗಿ
ಒಂಬತ್ತು ರಾತ್ರಿ ಅಂಗಳದಲ್ಲಿ ಕೂತು
ಅಂಗೈಗೆ ಮದರಂಗಿ, ಪಾದಕ್ಕೆ ಸೊಳ್ಳೆ,
ಎರಡಕ್ಕೂ ಬೇಡವೆನ್ನದೆ ಬಂದವಳು.
ನೂರು ಕೆಂಪುಕಣದಲ್ಲಿ ಮೂವತ್ತೊಂದರೊಳಗೆ
ಈಗ ಬೇರೆಯವರ ಸಂಸಾರ.

ಮುಖ್ಯ ಕೆಲಸ ಔಷಧಿಯದು, ಅಂದರು ಡಾಕ್ಟರು,
ಇದು ಬರೀ ಅದರ ಬೆನ್ನಿಗೆ ನಿಲ್ಲುವುದು;
ಎಷ್ಟು ಉಪಯೋಗವೋ, ನಿಜ ಹೇಳಿದರೆ, ಖಚಿತವಿಲ್ಲ.
ಮೂರು ಫೋನು. ಅಳೆದೂ ಸುರಿದೂ ಕೊನೆಗೆ ಹೂಂ ಅಂದರು.
ಆಮೇಲೆ ಅಳೆಯುವುದು ಸುರಿಯುವುದು ನನ್ನ ಪಾಲು.

ಬಟ್ಟಲು ತಿರುಗುತ್ತದೆ. ಭಾರದ್ದು ಅಂಚಿಗೆ,
ಹಗುರದ ಹಳದಿ ಒಳಗೆ.
ಹಳದಿ ಅವಳದೇ, ಅವಳಿಗೇ ವಾಪಸು.
ಕೆಂಪು ಮಾತ್ರ ಮನೆ ಬಿಡುತ್ತದೆ.

ತಾಯಿ ಮೊಯ್ನಾಮಿನಾ ತೋಳು ಚಾಚಿದಳು:
"ಇವಳು ಆದದ್ದೇ ಇದರಿಂದ. ಇದನ್ನೇ ತಗೊಳ್ಳಿ."
ಆಗದು ಅಂದೆ. ಆ ದ್ವೀಪದಲ್ಲಿ ಹುಟ್ಟಿದವರ ನೆತ್ತರು
ಪರೀಕ್ಷೆಯಿಲ್ಲದೆ ನಮ್ಮ ಫಾರಮ್ಮಿನ ಮೊದಲ ಪುಟ ದಾಟದು.
ತುಂಬ ಹೊತ್ತು ತೋಳು ಇಳಿಸಲಿಲ್ಲ ಅವಳು.

"ಹಾಗಾದರೆ ಇದು ಯಾರದು?"
ಹೆಸರಿರುವುದಿಲ್ಲ. ಒಂಬತ್ತು ಚೀಲ, ಒಂಬತ್ತು ಜನ.
ಯಾವುದೋ ಸಂತೆಯ ಪಕ್ಕ ನಿಂತ ವ್ಯಾನಿನಲ್ಲಿ
ಹತ್ತು ನಿಮಿಷ ಮಲಗಿ, ಬಿಸ್ಕತ್ತು ತಿಂದು,
ಬಸ್ಸು ಹಿಡಿದು ಹೋದವರು.

"ನಮ್ಮಲ್ಲಿ ಮದುವೆಗೆ ಮುಯ್ಯಿ ಬಂದರೆ
ಪುಸ್ತಕವಿರುತ್ತದೆ. ಯಾರದೆಷ್ಟು, ಬರೆದಿಡುತ್ತೇವೆ.
ತೀರಿಸದೆ ಸಾಯುವ ಹಾಗಿಲ್ಲ.
ಇದನ್ನು ಯಾರ ಹೆಸರಿಗೆ ಬರೆಯಲಿ?"

ನಾನು ಐದನೆಯ ಚೀಲ ತೂಗುಹಾಕಿದೆ.

ಏಳನೆಯದು ಮುಗಿಯುವಾಗ ಎಶಾತಿ ಸಿಡುಕಿದಳು:
"ಬಾಯಿ ಸುತ್ತ ಇರುವೆ."
ಸಿಟ್ರೇಟಿನ ಜುಮುಜುಮು. ಕ್ಯಾಲ್ಸಿಯಂ ಏರಿಸಿದೆ.
ಎರಡು ದಿನದಲ್ಲಿ ಅವಳಾಡಿದ ಅರ್ಥವಿದ್ದ ಮೊದಲ ಮಾತು
ಒಂದು ದೂರು.
ತಾಯಿ ಹಾಸಿಗೆಯ ಕಂಬಿ ಹಿಡಿದು ನಕ್ಕಳು, ಸದ್ದಿಲ್ಲದೆ,
ಕಂಬಿ ಗಲಗಲ ಅಲುಗಿತು.

ಬೆಳಗಿನ ಹೊತ್ತಿಗೆ ಮೂವತ್ತೊಂದು ನಾಲ್ಕಾಯಿತು.
ಔಷಧಿಯೋ, ಚೀಲಗಳೋ, ನನ್ನನ್ನು ಕೇಳಬೇಡಿ.

ಹೊರಬಂದ ಕೆಂಪನ್ನು ಹಳದಿ ಡಬ್ಬಿಗೆ ಹಾಕುವಾಗ
ಇದನ್ನೇನು ಮಾಡುತ್ತೀರಿ ಅಂದಳು. ಸುಡುತ್ತಾರೆ.
ಮಗನ ಮದುವೆಯ ಒಂಬತ್ತು ರಾತ್ರಿಗಳ ಮೇಲೆ
ಮುಚ್ಚಳ ಒತ್ತಿದೆ, ಟಪ್.

ಅವಳು ಪರ್ಸಿನಿಂದ ಔಷಧದಂಗಡಿಯ ರಸೀದಿ ತೆಗೆದು
ಬೆನ್ನಿನ ಮೇಲೆ ಒಂದರಿಂದ ಒಂಬತ್ತು ಬರೆದಳು,
ಎದುರಿಗೆಲ್ಲ ಖಾಲಿ ಬಿಟ್ಟು.
ಹತ್ತು ಅಂತ ಬರೆದು ನನ್ನ ಮುಖ ನೋಡಿದಳು.
ನನ್ನದು ಸಂಬಳದ ಕೆಲಸ, ಅಂದೆ.

ಅಳಿಸಿದಳೋ ಇಲ್ಲವೋ ಗೊತ್ತಿಲ್ಲ.
ಆರೂ ಹತ್ತಕ್ಕೆ ನನ್ನ ಬಸ್ಸು.