ಸಿದ್ಧರಬೆಟ್ಟದಲ್ಲಿ ಮೈನಸ್ ಐದು

ಟೆಂಪೋ ನಿಂತ ಕೂಡಲೇ ಪಾರ್ಕಿಂಗ್ ಚೀಟಿ, ಮೂವತ್ತು ರೂಪಾಯಿ.
ಗಿಡಕ್ಕೊಂದು ಬೋರ್ಡು, ಬೋರ್ಡಿಗೊಂದು ರೋಗ,
ಮಧುಮೇಹಕ್ಕೆ ಇದು, ಮಂಡಿನೋವಿಗೆ ಅದು;
ಒಂದನ್ನೂ ಬಿಡದೆ ಓದುತ್ತ ಹತ್ತಿದೆ,
ಬಿಟ್ಟರೆ ಕೊಟ್ಟ ದುಡ್ಡು ದಂಡವೆಂಬಂತೆ.

ಮೇಲೆ ಮುಟ್ಟುವಾಗ ಏದುಸಿರು.
ಗುಹೆಯ ಬಾಯಿಗೆ ನನ್ನನ್ನು ಬೆನ್ನು ಮಾಡಿ ನಿಲ್ಲಿಸಿ
ಚೆನ್ನಬೀರಯ್ಯ ಫೋನು ಎತ್ತಿದ, ‘ನಗಿ’ ಅಂದ.
ನಕ್ಕೆ.
ಹಿಂದಿನಿಂದ ತಣ್ಣನೆಯ ಕೈಯೊಂದು
ಕಿವಿ ಸವರಿತು.

ಕನ್ನಡಕ ಹೋಯಿತು.

“ಓಡಬ್ಯಾಡಿ ಸಾಮಿ, ಕುಂತ್ಕಳಿ,”
ಸೌತೆಕಾಯಿಯ ಪುಟ್ಟನರಸಮ್ಮ ಅಂದಳು,
“ಬನ್ನು ಕೊಟ್ರೆ ಬುಡ್ತದೆ. ಅದ್ರ ಮನಸು ಬಂದಾಗ.”

ಕೂತೆ.
ಮೊದಲು ಅಳಿದವು ಬೋರ್ಡುಗಳು.
ಆಮೇಲೆ ಮೆಟ್ಟಿಲು, ಕಂಬಿ, ಚೆನ್ನಬೀರಯ್ಯನ ಮೂಗು.
ಉಳಿದದ್ದು ಬೂದು ಒಂದಿಷ್ಟು, ಹಸಿರು ಒಂದಿಷ್ಟು,
ಒಂದು ಇನ್ನೊಂದರೊಳಗೆ ಸೋರುತ್ತ.
ಯಾವುದು ಬಂಡೆ, ಯಾವುದು ಬಂಡೆಯಾಗಿ ಕೂತ ಮುದುಕ,
ಕೇಳಲು ನಾಚಿಕೆಯಾಯಿತು.
ಗುಹೆಯೊಳಗೆ ನೀರು ತೊಟ್ಟಿಕ್ಕುವುದು
ಆಗ ಕೇಳಿಸಿತು.
ಅಷ್ಟು ಹೊತ್ತೂ ತೊಟ್ಟಿಕ್ಕುತ್ತಲೇ ಇತ್ತೇನೋ.

“ಸಿದ್ಧರು ಈಗಲೂ ಇದಾರಾ?” ದನಿಯ ಕಡೆ ತಿರುಗಿ ಕೇಳಿದೆ.
“ಭಾನುವಾರ ನಾನ್ ನೋಡಿಲ್ಲ,”
ಉಪ್ಪುಖಾರ ಸವರುತ್ತ ಅವಳೆಂದಳು,
“ಬಾಕಿ ದಿನ ನಾನೇ ಬರಾಕಿಲ್ಲ.”

ಎರಡು ಬನ್ನಿಗೆ ಕನ್ನಡಕ ಮರ ಇಳಿದು ಬಂತು.
ಹಾಕಿಕೊಂಡೆ.
‘ಪ್ಲಾಸ್ಟಿಕ್ ಎಸೆಯಬೇಡಿ’,
ಸ್ಪಷ್ಟವಾಗಿ ಕಂಡಿತು.

ಎಡಗಾಜಿನ ಮೇಲೆ ಪುಟ್ಟದೊಂದು ಬೆರಳಚ್ಚು.
ಕರವಸ್ತ್ರ ಜೇಬಿನಲ್ಲೇ ಇತ್ತು;
ಕೊರಟಗೆರೆ ದಾಟುವವರೆಗೂ
ಒರೆಸಲಿಲ್ಲ.