ಎರಡು ಥೌ

ಮುಳಗುಂದ ನಾಕಾದ ಹಿಂದೆ, ಹಳೆ ಜಿನ್ನಿನ ಗೋಡೆಗೆ
ಒರಗಿ ನಿಂತ ತಗಡಿನ ಗ್ಯಾರೇಜು.
ಹೊರಗೆ ಗೇರ್‌ಬಾಕ್ಸ್ ಇಲ್ಲದ ಅಂಬಾಸಡರ್,
ಅರವತ್ತೆರಡನೇ ಇಸವಿಯದು.
ಅದರ ಹೊಟ್ಟೆಯೊಳಗೆ ಕೈ ಇಳಿಬಿಟ್ಟರೆ
ಗದಗಿನ ಕೆಂಧೂಳಿ ಕೈಗೆ ಹತ್ತುತ್ತದೆ.

ಮೋನಪ್ಪ ಪತ್ತಾರನ ಅಪ್ಪ, ಅಜ್ಜ
ಬೋರಮಾಳ ಮಾಡಿದವರು, ಗುಂಜಿ ತೂಗಿದವರು.
ಇವನದೂ ಅದೇ ಕೈ. ಬಂಗಾರ ಮಾತ್ರ ಇಲ್ಲ,
ಸಿಂಕ್ರೋ ರಿಂಗಿನ ಹಿತ್ತಾಳೆ ಇದೆ.
ನಾನು ನಲವತ್ತು ವರ್ಷ ಅಚ್ಚುಮೊಳೆ ಜೋಡಿಸಿದವ.
ಪ್ರೆಸ್ಸು ಮುಚ್ಚಿದ ಮೇಲೆ ಚಾ ಕುಡಿಯಲು ಬಂದವ
ಇಲ್ಲೇ ಉಳಿದೆ.
"ಸಣ್ಣಾವು ಹಿಡಿಯಾಕ ಬರತೈತಲ್ಲ ನಿನಗ" ಅಂದು
ಸೂಜಿ ರೋಲರು ಎಣಿಸಿ
ಗ್ರೀಸಿಗೆ ಅಂಟಿಸುವ ಕೆಲಸ ಕೊಟ್ಟ.

"ಗೇರಿಗೂ ಪೆಟ್ಟಿಗೆಗೂ ನಡಕ ಎಷ್ಟು ಸಂದು ಬಿಡತೀ?"
"ಎರಡ ಥೌ. ಭಾಳಾದ್ರ ಮೂರು."
"ಅಂದ್ರ?"
ತನ್ನ ತಲೆಯಿಂದ ಒಂದು ಕೂದಲು ಕಿತ್ತು
ನನ್ನ ಅಂಗೈಗೆ ಇಟ್ಟ.
"ಇಷ್ಟು. ನಿಂದು ಕೊಡಬ್ಯಾಡ,
ಇದ್ದದ್ದ ನಾಕು."

ನಮ್ಮಲ್ಲಿ ತಾಮ್ರದ ಸ್ಪೇಸು ಇತ್ತು, ಅರ್ಧ ಪಾಯಿಂಟಿನದು.
ಬಿಗಿ ಮಾಡಿದರೆ ಸಾಲು ಬೆನ್ನು ಬಾಗಿಸುತ್ತಿತ್ತು,
ಸಡಿಲ ಬಿಟ್ಟರೆ ಒತ್ತಕ್ಷರ ಉದುರುತ್ತಿದ್ದವು.
ಒಮ್ಮೆ ಅಡತಿ ಅಂಗಡಿಯ ದರಪಟ್ಟಿಯಲ್ಲಿ
ಕ-ಒತ್ತು ಬಿದ್ದು 'ಅಕ್ಕಿ' ಹೋಗಿ 'ಅಕಿ' ಆಯಿತು.
ಅಕಿ, ಕ್ವಿಂಟಲಿಗೆ ಇನ್ನೂರಾ ಹತ್ತು.
ಸಾಹುಕಾರನ ಹೆಂಡತಿ ಪಟ್ಟಿ ಹಿಡಿದು ಬಂದಳು:
"ಯಾರ ಅಕಿ?"
ಮೋನಪ್ಪ ನಕ್ಕ ರಭಸಕ್ಕೆ
ಫೀಲರಿನ ಪಟ್ಟಿಗಳು ಬೀಸಣಿಕೆಯಂತೆ ಬಿಚ್ಚಿಕೊಂಡವು.

ಮೊದಲ ವಾಷರು ಹುಬ್ಬಳ್ಳಿ ಗುಜರಿಯದು.
ಹಾಕಿದರೆ ಗೇರು ತಿರುಗಲೊಲ್ಲದು,
ಅತ್ತೆಮನೆಗೆ ಬಂದ ಹೊಸ ಅಳಿಯನ ಹಾಗೆ
ಬಿಗಿದುಕೊಂಡು ಕುಂತಿತು.
ಎರಡನೆಯದಕ್ಕೆ ಎಂಟರ ಪಟ್ಟಿ ಸಲೀಸಾಗಿ ನುಗ್ಗಿತು.
"ಇದನ್ನ ಹಾಕಿದ್ರ ಕಪ್ಪತಗುಡ್ಡದ ಏರಿನ್ಯಾಗ
ಎರಡನೇ ಗೇರು ಅಳತೈತಿ."
ಮೂರನೆಯದು ಒಂದು ಥೌ ಹೆಚ್ಚು. ಒಂದೇ.

ಫೋಟೋ ಕಟ್ಟಿನ ಗಾಜು, ಅದರ ಮೇಲೆ ಎಮರಿ ಹಾಳೆ,
ನಾಕು ಹನಿ ಸೀಮೆಎಣ್ಣೆ.
"ಎಣ್ಣೆಗಾಲಿವಿ ಇರೂ ಮಗ್ಗಲು ಮ್ಯಾಲ ಇರಲಿ, ಅದನ್ನ ಮುಟ್ಟಬ್ಯಾಡ.
ಬೆನ್ನ ಅಷ್ಟ ತಿಕ್ಕು. ಎಂಟು ಬರಿ."
ನಾನು ಬರೆದೆ.
"ಆ ಎಂಟಲ್ಲೋ ಮಾರಾಯಾ! ಇಂಗ್ಲಿಷ್ ಎಂಟು."
ನನ್ನ ಬೆರಳು ತಾನಾಗಿ ೮ ಬರೆದಿತ್ತು,
ಒಂದು ಕಡೆ ತೆರೆದೇ ಇರುವ ಅಂಕಿ.
ಹಂಗ ತಿಕ್ಕಿದರೆ ಒಂದೇ ಮಗ್ಗಲು ಸವೆಯುತ್ತದಂತೆ.

ಹತ್ತು ಸುತ್ತು. ಒರೆಸು. ಮೈಕ್ರೋಮೀಟರು.
ಮತ್ತೆ ಹತ್ತು.
ಬೆಟಗೇರಿಯ ಕಡೆಯಿಂದ ಮಗ್ಗದ ಲಾಳಿ
ಹೋಗುತ್ತಿತ್ತು, ಬರುತ್ತಿತ್ತು.
ಕೊನೆಗೆ ಎರಡರ ಪಟ್ಟಿ ಒಳಗೆ ಹೋಯಿತು,
ಹೋಗುವಾಗ ತುಸುವೇ ತಡೆದು,
ಹೊಸ್ತಿಲಲ್ಲಿ ಚಪ್ಪಲಿ ಬಿಡುವವರ ಹಾಗೆ.
ಮೂರರದು ಹೋಗಲಿಲ್ಲ.
"ಬೆರಳಿಡು ಇಲ್ಲಿ" ಅಂದು ಗೇರನ್ನು ಮುಂದೆ ದೂಡಿದ, ಹಿಂದೆ ಎಳೆದ.
ಕಣ್ಣಿಗೆ ಏನೂ ಇಲ್ಲ.
ಬೆರಳಿನ ತುದಿಗೆ ಮಾತ್ರ ಒಂದು ಟಕ್.

ದಾರ ಕಟ್ಟಿ ಗೇರಿನ ಗೊಂಚಲನ್ನು ಪೆಟ್ಟಿಗೆಯ ತಳಕ್ಕೆ ಇಳಿಸಿದೆವು,
ಮೇನ್ ಶಾಫ್ಟು ಕೂರಿಸಿದೆವು,
ದಾರ ಜಗ್ಗಿ ಹಲ್ಲಿಗೆ ಹಲ್ಲು ಕೂಡಿಸಿ
ಸಣ್ಣ ಶಾಫ್ಟು ತೂರಿಸಿದೆವು. ಮುಚ್ಚಳ. ಬೋಲ್ಟು.
ಕೈ ಒರೆಸಲು ಹಾಸಿದ ಹಳೆ ಪ್ರೂಫು ಎತ್ತಿದರೆ
ಅದರಡಿ, ಪೂರ್ಣವಿರಾಮಕ್ಕಿಂತ ತುಸು ಉದ್ದ,
ಒಂದು ಸೂಜಿ ರೋಲರು.

ಎಣಿಸಿದವ ನಾನು.
ಮೋನಪ್ಪ ನನ್ನ ಮುಖ ನೋಡಲಿಲ್ಲ,
ಪಾನಾ ಹುಡುಕಿದ.

ಅಷ್ಟರಲ್ಲಿ ಹಲ್ಲಿನ ಡಾಕ್ಟರ್ ಅಸುಂಡಿ
ಸ್ಕೂಟರಿನಿಂದ ಇಳಿಯದೆ ಕೂಗಿದರು:
"ಗಾಡಿ ಆತೇನೋ? ಇನ್ನ ಎಷ್ಟ ದಿನಾ?"
"ಒಂದ ಥೌ ಉಳದೈತ್ರೀ ಸಾಹೇಬ್ರ."
ಅವರು ತಲೆಯಾಡಿಸಿ ಹೋದರು, ತಿಳಿದವರ ಹಾಗೆ.

ಮೊದಲ ಬೋಲ್ಟು ಬಿಚ್ಚುತ್ತ
ಸೂಜಿಯನ್ನು ನನ್ನ ಅಂಗೈಗೆ ಹಾಕಿದ:
"ಹಿಡಿ. ನಿನ್ನ ಅಕಿ."